ಮೇಲಿನ ಕೇರಿಯ ಇಬ್ಬರು

ಜನವರಿ ೨೧

ಇವತ್ತು ಹನ್ನೊಂದು ಮನೆ. ಆರು ಕಡೆ ಕಾಫಿ, ಮೂರು ಕಡೆ ವೈನ್, ಎರಡು ಕಡೆ ನಾಯಿ. ಜನಗಣತಿ ಎಂದರೆ ಹುಡುಗಾಟವಲ್ಲ. ನಮ್ಮೂರು ಕೊಂಬ್‌ರೂಸ್‌ನ ಗುಡ್ಡಗಳಲ್ಲಿ ನನ್ನಷ್ಟು ಚೆನ್ನಾಗಿ ಯಾರು ಎಣಿಸಿಯಾರು? ಶಾಲೆಯ ಮೇಷ್ಟ್ರೇ ನನ್ನ ಬಗ್ಗೆ ಹೇಳಿದ್ದರು—ಆನ್ಸೆಲ್ಮ್‌ಗೆ ಲೆಕ್ಕ ಬರುವುದಿಲ್ಲ, ಉತ್ತರ ಮಾತ್ರ ಬರುತ್ತದೆ.

ಅಕ್ಕನ ಮಗಳು ಓದಿಲ್, ಊರಿನ ಅಗ್ನಿಶಾಮಕ, ರಕ್ಷಣಾ ದಳದ ತನ್ನ ಬೂಟು ಒಣಗಿಸುತ್ತಾ ನಕ್ಕಳು. "ಮಾವ, ನಿನ್ನ ಕಾಲಿಗಿಂತ ಬಾಯೇ ಜಾಸ್ತಿ ನಡೆದಿರತ್ತೆ ಬಿಡು."

ಫೆಬ್ರವರಿ ೮

ಎಲ್ಲ ಮನೆ ಮುಗಿಯಿತು. ಒಟ್ಟು ತಲೆ ತೊಂಬತ್ತೆಂಟು. ಮತ್ತೆ ಕೂಡಿದೆ. ತೊಂಬತ್ತೆಂಟೇ. ಹೋದ ಸಲ ನೂರಮೂರಿತ್ತು.

ಸಂಜೆ ಕೆಳಗಿನ ಊರಿನ ಕ್ಲೋವಿಸ್ ಸಿಕ್ಕ. "ಏನಪ್ಪಾ, ಎರಡಂಕಿಗೆ ಇಳಿದ್ರಂತೆ? ನಮ್ಮೂರ ಬಸ್ಸಲ್ಲೇ ಅದಕ್ಕಿಂತ ಜಾಸ್ತಿ ಜನ ಇರ್ತಾರೆ!"

"ನೂರು ಕಣೋ. ಒಂದು ಕಮ್ಮಿ ಇಲ್ಲ" ಅಂದುಬಿಟ್ಟೆ.

ಫೆಬ್ರವರಿ ೧೧

ಮೇಲಿನ ಕೇರಿಯಲ್ಲಿ ನೆಟ್ಟಗಿರುವುದು ಒಂದೇ ಮನೆ, ಲಿಯೋಂ ಪಟ್ಟಣದ ಗಂಡಹೆಂಡತಿಯದು. ಬೇಸಿಗೆಯಲ್ಲಿ ಮೂರು ವಾರ ಬಂದು ನಮ್ಮ ಹಸುಗಳ ಫೋಟೋ ತೆಗೆದು ಹೋಗುತ್ತಾರೆ. ಬೇಸಿಗೆ ಮನೆ ಎಂದು ಬರೆದರೆ ತಲೆ ಸೊನ್ನೆ. ವಾಸದ ಮನೆ ಎಂದು ಬರೆದೆ—ತಲೆ ಎರಡು. ಇಬ್ಬರ ಸಹಿಯನ್ನೂ ನಾನೇ ಹಾಕಿದೆ. ಆ ಹೆಂಗಸಿನ ಸಹಿಗೆ ಚಂದಕ್ಕೆ ಒಂದು ಬಳ್ಳಿ ಎಳೆದೆ.

ನೂರು! ಮೇಯರ್ ಜಿಲ್ಬೆರ್ತ್ ಕೈ ಕುಲುಕಿದರು. ಆ ಇಬ್ಬರು ಈ ಸಲ ಚಳಿಗಾಲಕ್ಕೂ ಉಳಿದಿದ್ದಾರೆ ಎಂದೆ; ಹಿಮದಲ್ಲಿ ಅಷ್ಟು ಮೇಲೆ ಹತ್ತಿ ನೋಡುವವರು ಯಾರು?

ಫೆಬ್ರವರಿ ೨೭, ಬೆಳಗ್ಗೆ ೧೦

ಸುಮ್ಮನೆ ಕೂರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆರು ದಿನದಿಂದ ಹಿಮ. ಎಂಟೂವರೆಗೆ ಬೆಟ್ಟ ಕೆಮ್ಮಿದ ಹಾಗಾಯಿತು. ಹಿಮ ಕುಸಿದು, ಮೇಲಿನ ಕೇರಿ ಇದ್ದ ಕಡೆ ಈಗ ಬರೀ ಬಿಳಿ. ಫೋನ್ ಲೈನೂ ಹೋಗಿದೆ. ಮೇಯರ್ ಕಚೇರಿಯ ಮುಂದೆ ಊರೇ ಸೇರಿತ್ತು. ಕ್ಲೋವಿಸ್ ಕೂಡ ಸಲಿಕೆ ಹಿಡಿದು ಬಂದಿದ್ದ.

"ಆನ್ಸೆಲ್ಮ್, ಎಣಿಸಿದವರು ನೀವು" ಅಂದರು ಜಿಲ್ಬೆರ್ತ್. "ಮೇಲೆ ಎಷ್ಟು ಜನ ಇದ್ದಾರೆ?"

ಕ್ಲೋವಿಸ್ ನನ್ನನ್ನೇ ನೋಡುತ್ತಿದ್ದ.

"ಇಬ್ಬರು."

ನನ್ನ ಬಾಯಿಂದಲೇ ಬಂತು. ಓದಿಲ್ ಆಗಲೇ ಹಗ್ಗ ಹೆಗಲಿಗೆ ಹಾಕಿಕೊಂಡಿದ್ದಳು. "ಉಸಿರಾಡ್ತಿರಬಹುದು. ನಡೀರಿ." ದಳದ ಏಳು ಜನ ಹೋದರು.

೧೧.೨೦

ದಕ್ಷಿಣದಿಂದ ಬಿಸಿಗಾಳಿ ಎದ್ದಿದೆ. ಸೂರುಗಳಿಂದ ನೀರು ತೊಟ್ಟಿಕ್ಕುತ್ತಿದೆ. ಎಡಗಡೆ ಇಳಿಜಾರಿನ ಹಿಮ ಇನ್ನೂ ಜಾರಿಲ್ಲ. ಈ ಗಾಳಿಗೆ ಅದು ನಿಲ್ಲುವುದಿಲ್ಲ—ಊರಿನ ಮಕ್ಕಳಿಗೂ ಗೊತ್ತು.

ಜಿಲ್ಬೆರ್ತ್ ವಾಕಿಟಾಕಿಯಲ್ಲಿ ಕೂಗಿದರು. "ಓದಿಲ್, ಗಾಳಿ ತಿರುಗಿದೆ. ಇಳಿದು ಬಾಮ್ಮ."

"ಖಾಲಿ ಮನೆ ಆಗಿದ್ರೆ ಯಾವಾಗ್ಲೋ ಬರ್ತಿದ್ವಿ ಮೇಡಂ. ಇಬ್ಬರು ಇದ್ದಾರಲ್ಲ. ನಮ್ಮ ಮಾವ ಬಡಾಯಿ ಹೊಡೀತಾನೆ ನಿಜ, ಆದ್ರೆ ಇಂಥದ್ರಲ್ಲಿ ಸುಳ್ಳು ಹೇಳಲ್ಲ."

ಕಚೇರಿಯ ಒಳಕೋಣೆಗೆ ಬಂದು ಕೂತೆ. ಹೇಳಿದರೆ ನಾಳೆಯಿಂದ ಈ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಹೇಳದಿದ್ದರೆ… ಅವಳು ಅಗೆಯುತ್ತಲೇ ಇರುತ್ತಾಳೆ. ನನಗೆ ಗೊತ್ತು ಆ ಹುಡುಗಿ.

೧೧.೩೫

ಹೇಳಿದೆ. ಜಿಲ್ಬೆರ್ತ್ ಕೈಯಿಂದ ವಾಕಿಟಾಕಿ ಕಿತ್ತುಕೊಂಡು ಹೇಳಿದೆ. "ಅಲ್ಲಿ ಯಾರೂ ಇಲ್ಲ ಓದಿಲ್. ನಾನೇ ಸುಮ್ಮನೆ ಬರೆದದ್ದು. ಬಂದ್ಬಿಡು."

ಗರಗರ ಶಬ್ದದ ನಡುವೆ ಅವಳ ದನಿ—"ಸರಿ. ಇಳೀತಿದ್ದೀವಿ." ಅಷ್ಟೇ. ಮಾವ ಅಂತ ಕರೆಯಲಿಲ್ಲ.

ಜಿಲ್ಬೆರ್ತ್ ನನ್ನ ಮುಖ ನೋಡುತ್ತಿಲ್ಲ. ಕ್ಲೋವಿಸ್ ಬಂದು ಪಕ್ಕದಲ್ಲಿ ನಿಂತಿದ್ದಾನೆ. ಬೈದಿದ್ದರೆ ಚೆನ್ನಾಗಿತ್ತು.

೧೧.೫೦

ಕಿಟಕಿಯಲ್ಲೇ ಇದ್ದೇನೆ. ಇಳಿಯಬೇಕೆಂದರೆ ಎಡಗಡೆಯ ಇಳಿಜಾರನ್ನೇ ಅಡ್ಡ ದಾಟಬೇಕು, ಬೇರೆ ದಾರಿಯಿಲ್ಲ. ಒಬ್ಬೊಬ್ಬರಾಗಿ ದಾಟುತ್ತಿದ್ದಾರೆ. ಆರು ಜನ ಆಚೆ ಸೇರಿದರು. ಓದಿಲ್ ಕೊನೆಯವಳು. ಅರ್ಧ ದಾರಿಯಲ್ಲಿದ್ದಾಳೆ. ಹೆಜ್ಜೆ ಊರಿ ನೋಡಿ, ಊರಿ ನೋಡಿ ಬರುತ್ತಿದ್ದಾಳೆ. ಹಾಗೇ. ಮೆಲ್ಲಗೆ ಬಾ ತಾಯಿ, ಮೆಲ್ಲಗೆ…

ಅವಳ ಮೇಲ್ಗಡೆ ಹಿಮದಲ್ಲಿ ಒಂದು ಬಿರುಕು ಬಿಟ್ಟಿತು. ಕಪ್ಪಗೆ, ಉದ್ದಕ್ಕೆ—

ಮೆಲ್ಲಗೆ ಅಲ್ಲ, ಓಡು, ಓದಿಲ್, ಓಡು