ಮರಳು ಹಚ್ಚಿದ ಹಲಗೆ

ಕಲ್ಲೋಳಿ, ೧೨ ಆಗಸ್ಟ್ ೧೯೪೫

ಸೋಮಪ್ಪಣ್ಣನಿಗೆ ತಂಗಿ ಪಾರವ್ವನ ಶರಣಾರ್ಥಿ.

ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ನಮ್ಮವರ ಗಾಲಿಕುರ್ಚಿ ಹತ್ತಿಸಲೆಂದು ನೀನು ಬಾಗಿಲಿಗೆ ಇಳಿಜಾರು ಹಲಗೆ ಹಾಕಿಕೊಟ್ಟೆಯಲ್ಲ, ಸೋಮವಾರ ಮಳೆಯಲ್ಲಿ ಅದರ ಮೇಲೆ ನನ್ನ ಕಾಲು ಜಾರಿತು. ಕುರ್ಚಿ ಅವರ ಸಮೇತ ಅಂಗಳಕ್ಕೆ ಉರುಳಿತು. ಹಣೆಯ ಗಾಯ ಮಾಯುತ್ತಿದೆ. ಆದರೆ ಅವರು ಹೊರಗೆ ಬರುವುದನ್ನೇ ಬಿಟ್ಟರು.

ಡಾಂಬರು ಕಾಸಿ ಹಲಗೆಗೆ ಬಳಿದು, ಹೊಳೆಯ ಮರಳು ಎರಚಿದೆ. ಒಣಗಿದ ಮೇಲೆ ನೀರು ಸುರಿದು, ಕುರ್ಚಿಯಲ್ಲಿ ಜೋಳದ ಚೀಲವಿಟ್ಟು ದೂಡಿ ತೋರಿಸಿದೆ.

"ಚೀಲಕ್ಕ ಅಂಜಿಕಿ ಇರೂದಿಲ್ಲ, ನನಗೈತಿ," ಎಂದರು.

ಆಗ ನಾನೇ ಕುಳಿತೆ. ಅತ್ತೆ ದೂಡಿದರು. ನಡುವೆ ನಿಂತರೂ ಅವರ ಕಾಲು ಜಾರಲಿಲ್ಲ.

ಬಾಗಿಲಲ್ಲಿ ಕುಳಿತು ನೋಡುತ್ತಿದ್ದ ಇವರು, "ಅವ್ವಾ, ಆಕಿನ್ನ ಇಳಸು. ನಾ ಕೂಡ್ತೇನಿ," ಎಂದರು.

ಮೇಲಿನ ಒಂದು ಮೊಳಕ್ಕೆ ಡಾಂಬರು ಸಾಲಲಿಲ್ಲ. ಅಲ್ಲಿ ಉಸಿರು ಬಿಗಿಹಿಡಿದು ದೂಡುತ್ತೇನೆ. ಬೇಗ ಒಂದು ಡಬ್ಬಿ ಕಳಿಸು.

ನಿನ್ನ ತಂಗಿ,
ಪಾರವ್ವ