ಕೈಯಿಂದ ಜಾರಿದ ರೊಟ್ಟಿ

ಸುಭದ್ರಾ,

ಕೂತರೆ ಕೂಡಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಔರಾದದಲ್ಲಿ ನಿನ್ನ ತಂಗಿ ಯಶೋಧರಾಳ ಕೈಯಿಂದ ರೊಟ್ಟಿ ಜಾರಿ ಬಿತ್ತು. "ಕೈ ಜೋಮು ಹಿಡದದ್ರಿ ಭಾವಾ, ಇವತ್ತು ಮುರಕಾ ರೊಟ್ಟಿನೇ ತಿನ್ರಿ," ಎಂದು ನಕ್ಕಳು. ನಾನು ಒಲೆ ಆರಿಸಿ ಅವಳನ್ನು ಕರೆದುಕೊಂಡು ಬೀದರ ಬಸ್ಸು ಹತ್ತಿದೆ. ನಿನ್ನಂತೆ ಅವಳೂ ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಂಡು ಗುಣವಾದವಳಲ್ಲವೇ?

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕತ್ತಿನ ಸ್ಕ್ಯಾನ್ ಹಿಡಿದು ಆರ್ಟರಿ ತೋರಿಸಿದರು. ಆರ್ಟರಿ ಅಂದರೆ ಪ್ಯೂರ್ ಬ್ಲಡ್ ಒಯ್ಯುವ ನಾಳ. ಭಾಲ್ಕಿ ಕಾಲೇಜಿನಲ್ಲಿ ಓದಿದ್ದರಲ್ಲಿ ನನಗೆ ಅಷ್ಟೇ ನೆನಪು. ರೇಡಿಯೇಷನ್ ಆದ ಎಷ್ಟೋ ವರ್ಷಕ್ಕೆ ಆ ನಾಳ ಕಿರಿದಾಗಬಹುದಂತೆ, ಕಟ್ಟಿದರೆ ಲಕ್ವಾ ಹೊಡೆದು ಕೈಕಾಲು, ಮಾತು ಬಿದ್ದುಹೋಗುತ್ತವಂತೆ; ಮೊದಲು ಕೈ ಜೋಮು ಹಿಡಿಯುವುದೇ ಅದರ ಸೂಚನೆಯಂತೆ.

"ಟೈಮಿಗೆ ಕರ್ಕೊಂಡು ಬಂದೀರಿ. ನಿಮಗ ಹ್ಯಾಂಗ ಗೊತ್ತಾತ್ರಿ?"

ಅಂದು ನಿನ್ನ ಕೈಯಿಂದಲೂ ಹೀಗೇ ರೊಟ್ಟಿ ಬಿದ್ದಾಗ "ಕೈಯಾಗ ಜೀವ ಇಲ್ಲೇನು?" ಎಂದು ತಾಟು ದೂಡಿ ಎದ್ದಿದ್ದೆ. ಮೂರನೆಯ ದಿನ ಲಕ್ವಾ ಹೊಡೆದು ನಿನ್ನ ಮಾತೇ ನಿಂತುಹೋಯಿತು.

"ಜಸ್ಟ್ ಗೆಸ್, ಸರ್," ಅಂದೆ.