ಹಿಂದಿನ ಪತ್ರದ ಮೂರು ದಿನಾಂಕಗಳು

ಚಾಮರಾಜನಗರ
೧೮ ಏಪ್ರಿಲ್ ೨೦೨೫

ಪ್ರೀತಿಯ ಕುಮಾರಿಗೆ ಆಶೀರ್ವಾದಗಳು.

ಹಿಂದಿನ ಪತ್ರದಲ್ಲಿ ತಪ್ಪು ಬರೆದೆ, ಕ್ಷಮಿಸು. ಗುಂಡ್ಲುಪೇಟೆಯ ನಿನ್ನ ವಾದ್ಯವೃಂದದಲ್ಲಿ ಹಾರ್ಮೋನಿಯಂ ನುಡಿಸಲು ನೀನು ಕರೆದ ಮೂರು ದಿನವೂ ನಮ್ಮ ಮಂಡಳಿಯ ಭಜನೆಯಿದೆ ಎಂದಿದ್ದೆ. ಭಜನೆಯಿಲ್ಲ. ತಬಲ ನುಡಿಸುತ್ತಿದ್ದ ನಿನ್ನ ತಂದೆಯವರ ಬಲಗೈ ಸ್ವಾಧೀನ ತಪ್ಪಿದಂದಿನಿಂದ ಮಂಡಳಿ ಸೇರಿಯೇ ಇಲ್ಲ. ಭಜನೆಯ ದಿನವೆಂದು ಪ್ರತಿ ಸೋಮವಾರ ನಾನೊಬ್ಬನೇ ಜಮಖಾನೆ ಹಾಸಿ, ಹಾರ್ಮೋನಿಯಂ ಒರೆಸಿಟ್ಟು, ಮತ್ತೆ ಮಡಿಸುತ್ತೇನೆ.

ಸಿನಿಮಾ ಹಾಡುಗಳ ಅಬ್ಬರ ನನಗೆ ಒಗ್ಗದು; ಅದು ಈಗಲೂ ನಿಜ. ಆದರೆ ಕಳೆದ ಭಾನುವಾರ ನಿನ್ನ ತಂದೆ ಪುಟ್ಟಮಾದು ಅವರು ಚಂದಕವಾಡಿಯಿಂದ ಬಸ್ಸಿನಲ್ಲಿ ಬಂದು, ಕುಳಿತ ಕೂಡಲೇ ಕೇಳಿದರು: “ಯಾವ ಭಜ್ನೆ ಮೇಷ್ಟ್ರೇ? ನನ್ ಬುಟ್ಟು ಸುರು ಮಾಡ್ಬುಟ್ರಾ?”

ಸುಳ್ಳು ಬರೆದೆನೆಂದು ಒಪ್ಪಿಕೊಂಡೆ.

“ನಮ್ ಕುಮಾರಿ ಅಲ್ಲಿ ಬರೀ ಕೂಗ್ತಾಳೆ ಕಣಿ. ನೀವು ಪಕ್ಕದಲ್ ಕೂತ್ರೆ ಹಾಡ್ತಾಳೆ. ಓಗಿ,” ಎಂದರು.

ಆದುದರಿಂದ ಕೆಲವು ಕೋರಿಕೆಗಳು. ನಿಂತು ನುಡಿಸಲಾರೆ. ನಿಮ್ಮವರು ತೊಡುವ ಮಿನುಗುವ ಅಂಗಿ ನನಗೆ ಬೇಡ. ಧ್ವನಿವರ್ಧಕ ನನ್ನ ಎಡಗಿವಿಯಿಂದ ದೂರವಿರಲಿ. ಜಮಖಾನೆಯನ್ನು ನಾನೇ ತರುತ್ತೇನೆ. ಅದರ ಮೇಲೆ ನನ್ನ ಬಲಕ್ಕೆ ನಿನ್ನ ತಂದೆಯವರಿಗೂ ಸ್ಥಳವಿರಲಿ. ಅವರು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾರೆ. ಆ ತಾಳ ಇನ್ನೂ ತಪ್ಪಿಲ್ಲ.

ನಿನ್ನ ಹಿತೈಷಿ,
ಮರಿಮಲ್ಲಪ್ಪ

ತಿದ್ದಿದ ದಿನಾಂಕಗಳು:
ಮೇ ೪, ಹಂಗಳ: ಭಜನೆಯಿಲ್ಲ. ಬರುತ್ತೇನೆ.
ಮೇ ೧೧, ಭೀಮನಬೀಡು: ಭಜನೆಯಿಲ್ಲ. ಇಬ್ಬರೂ ಬರುತ್ತೇವೆ.
ಮೇ ೧೯, ಗುಂಡ್ಲುಪೇಟೆ: ಅಂದು ಸೋಮವಾರ. ಭಜನೆಯಿದೆ, ನಿನ್ನ ವೇದಿಕೆಯ ಮೇಲೆ. ಮೊದಲ ಹಾಡು ನಮ್ಮದು.